ಒಂಬತ್ತು ವರ್ಷದ ಮೇಲೆ ಮತ್ತೆ ಲೆಕ್ಕ ಹಿಡಿದಾಗ

ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದವಳು ನಾನು. ಯಜಮಾನರದು ಎಚ್‌-1ಬಿ ಉದ್ಯೋಗ ವೀಸಾ, ನನ್ನದು ಅವಲಂಬಿತರಿಗೆ ಕೊಡುವ ಎಚ್‌-4. ಕೆಲಸ ಮಾಡಬೇಕಾದರೆ ಇಎಡಿ ಕಾರ್ಡ್, ಅಂದರೆ ಕೆಲಸದ ಪರವಾನಗಿ, ಬೇಕು. ಆದರೆ ಓದಲು ಅದು ಬೇಕಿಲ್ಲ. ಇದು ನನಗೆ ತಡವಾಗಿ ಗೊತ್ತಾಯಿತು. ಕಾರ್ಡ್ ಬರುವ ತನಕ ಸುಮ್ನೆ ಕೂರುವುದು ಯಾಕೆ ಅಂತ ಕೂಪರ್ಟಿನೋದ ಡಿ ಆಂಝಾ ಕಮ್ಯುನಿಟಿ ಕಾಲೇಜಿಗೆ ಸೇರಿದೆ. ಅಷ್ಟು ಹೊತ್ತಿಗೆ ಪುಸ್ತಕ ಮುಚ್ಚಿ ಒಂಬತ್ತು ವರ್ಷ ಆಗಿತ್ತು.

ಫೀಸಿನ ಮಾತು ಮೊದಲೇ ಹೇಳಿಬಿಡುತ್ತೇನೆ. ರಾಜ್ಯದ ನಿವಾಸಿಗಳಿಗೆ ಕ್ವಾರ್ಟರ್ ಯೂನಿಟ್‌ಗೆ (ಸುಮಾರು ಮೂರು ತಿಂಗಳ ಕೋರ್ಸಿನ ಅಳತೆ) 31 ಡಾಲರ್. ಐದು ಯೂನಿಟ್‌ನ ಅಕೌಂಟಿಂಗ್‌ಗೆ 155 ಡಾಲರ್. ಹೊರಗಿನವರಿಗೆ ಇದರ ಎಷ್ಟೋ ಪಟ್ಟು. ಎಚ್‌-4ನವರೂ ನಿವಾಸಿಗಳಾಗಬಹುದು. ಒಂದು ವರ್ಷ ಒಂದು ದಿನ ಇಲ್ಲೇ ನೆಲೆಸಿದ್ದಕ್ಕೆ ದಾಖಲೆ ಕೊಡಬೇಕು, ಅಷ್ಟೇ. ನಮ್ಮ ಮನೆ ಬಾಡಿಗೆ ಕರಾರು, ಕರೆಂಟ್ ಬಿಲ್ಲು ಎರಡೂ ಯಜಮಾನರ ಹೆಸರಲ್ಲಿದ್ದವು. ನನ್ನ ಕೈ ಹಿಡಿದದ್ದು ಡ್ರೈವಿಂಗ್ ಲೈಸೆನ್ಸ್. ಬಂದ ಮೊದಲ ತಿಂಗಳಿಂದಲೇ ಏನಾದರೂ ಒಂದು ಕಾಗದ ನಿಮ್ಮ ಹೆಸರಲ್ಲಿರಲಿ.

ಕ್ಲಾಸಿನಲ್ಲಿ ಮೊದಲ ಎರಡು ವಾರ ಒದ್ದಾಡಿದೆ. ಊರಲ್ಲಿ ನಾವು ಕಲಿತದ್ದು 'ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್' ಅಂತ. ಇಲ್ಲಿ ಆ ಸೂತ್ರ ಯಾರ ಬಾಯಲ್ಲೂ ಇಲ್ಲ. ಆಸ್ತಿ ಅಂದರೆ ಸಾಲ ಮತ್ತು ಮಾಲೀಕರ ಪಾಲು ಸೇರಿದ್ದು. ಪ್ರತಿ ವ್ಯವಹಾರವನ್ನೂ ಈ ಸಮೀಕರಣದಲ್ಲೇ ಇಟ್ಟು ನೋಡುತ್ತಾರೆ. ನನಗೆ ಈಗ ಇದೇ ಹೆಚ್ಚು ಇಷ್ಟ, ಯಾಕೆಂದರೆ ಬಾಯಿಪಾಠ ಮರೆತರೂ ಲೆಕ್ಕ ಕೈ ಬಿಡುವುದಿಲ್ಲ.

ಕೆಲಸಕ್ಕೆ ನಿಜವಾಗಿ ಒದಗಿದ್ದು ಲೆಕ್ಕ ಬರೆಯುವ ಸಾಫ್ಟ್‌ವೇರ್ ಕ್ವಿಕ್‌ಬುಕ್ಸ್ ಕಲಿತದ್ದು. ಅದರಲ್ಲೂ ಒಂದು ವಿಷಯ. ಮೂವರು ಗಿರಾಕಿಗಳಿಂದ 400, 350, 250 ಡಾಲರ್ ಚೆಕ್ ಬಂತು ಅಂದುಕೊಳ್ಳಿ. ಇನ್‌ವಾಯ್ಸ್‌ಗೆ ಹಣ ಬಂತು ಅಂತ ಬರೆದಾಗ ಅದು 'ಅನ್‌ಡಿಪಾಸಿಟೆಡ್ ಫಂಡ್ಸ್' (ಇನ್ನೂ ಬ್ಯಾಂಕಿಗೆ ಕಟ್ಟದ ಹಣ) ಖಾತೆಗೆ ಹೋಗಿ ಕೂರುತ್ತದೆ. ಮೂರನ್ನೂ ಒಟ್ಟಿಗೆ ಬ್ಯಾಂಕಿಗೆ ಕಟ್ಟಿದಾಗ ಬ್ಯಾಂಕಿನಿಂದ 1,000 ಅಂತ ಒಂದೇ ಸಾಲು ಬರುತ್ತದೆ. ಹೊಸಬರು ಅದನ್ನು ಹೊಸ ಆದಾಯ ಅಂತ ಸೇರಿಸಿಬಿಡುತ್ತಾರೆ. ಆದಾಯ 2,000 ಆಗಿಬಿಡುತ್ತದೆ! ಮಾಲೀಕರು ಇಲ್ಲದ ಆದಾಯಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ, ಅಲ್ವಾ? ಮೊದಲು ಕ್ವಿಕ್‌ಬುಕ್ಸ್‌ನಲ್ಲಿ ಆ ಮೂರು ಚೆಕ್ ಸೇರಿಸಿ ಒಂದು ಡಿಪಾಸಿಟ್ ಮಾಡಿ, ಆಮೇಲೆ ಬ್ಯಾಂಕಿನ ಸಾಲನ್ನು ಅದಕ್ಕೆ ಹೊಂದಿಸಬೇಕು. ಆ ಖಾತೆಯಲ್ಲಿ ಹಳೇ ಹಣ ಉಳಿದಿದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ. ನಾನು ಯಾರದೇ ಪುಸ್ತಕ ಕೈಗೆ ತಗೊಂಡರೂ ಮೊದಲು ನೋಡುವುದು ಇದನ್ನೇ.

ಕಾರ್ಡ್ ಬಂದ ಮೇಲೆ ಒಂದು ಸಣ್ಣ ಪ್ಲಂಬಿಂಗ್ ಕಂಪನಿಗೆ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಪ್ರಶ್ನೆ ಜಾಸ್ತಿ ಕೇಳಲಿಲ್ಲ. ಒಂದು ಬ್ಯಾಂಕ್ ಸ್ಟೇಟ್‌ಮೆಂಟ್, ಒಂದು ಲೆಡ್ಜರ್ ಹಾಳೆ ಕೊಟ್ಟು ತಾಳೆ ನೋಡಲು ಹೇಳಿದರು. ಬ್ಯಾಂಕಿಗೆ ಇನ್ನೂ ಹೋಗದ ಚೆಕ್‌ಗಳನ್ನು ಕಳೆದರೂ 180 ಡಾಲರ್ ವ್ಯತ್ಯಾಸ ಉಳಿಯಿತು. 180 ಒಂಬತ್ತರಿಂದ ಭಾಗವಾಗುತ್ತದೆ. ಹಾಗಿದ್ದರೆ ಅಂಕಿ ಅದಲು ಬದಲಾಗಿರಬಹುದು ಅಂತ ಹುಡುಕಿದೆ. 1,863ರ ಚೆಕ್ಕನ್ನು ಪುಸ್ತಕದಲ್ಲಿ 1,683 ಅಂತ ಬರೆದಿದ್ದರು. ಮರುದಿನವೇ ಫೋನ್ ಬಂತು.

ಕ್ಲಾಸಿನಲ್ಲಿ ಅಷ್ಟಾಗಿ ಹೇಳದೇ ಇದ್ದದ್ದನ್ನು ಆ ಮೊದಲ ಜನವರಿ ಕಲಿಸಿತು. ಇಲ್ಲಿ ಪುಸ್ತಕ ಮುಗಿಯುವುದು ಮಾರ್ಚ್‌ಗಲ್ಲ, ಡಿಸೆಂಬರ್‌ಗೆ. ಗುತ್ತಿಗೆ ಕೆಲಸದವರಿಗೆ ವರ್ಷದಲ್ಲಿ ಎಷ್ಟು ಕೊಟ್ಟೆವು ಅಂತ ತಿಳಿಸುವ 1099-ಎನ್‌ಇಸಿ ಫಾರ್ಮ್ ಜನವರಿ 31ರೊಳಗೆ ಹೋಗಬೇಕು. ಆಗ ವರ್ಷಕ್ಕೆ 600 ಡಾಲರ್ ಅಥವಾ ಹೆಚ್ಚು ಪಡೆದವರಿಗೆಲ್ಲ ಕೊಡಬೇಕಿತ್ತು. 2026ರ ಪಾವತಿಗಳಿಂದ ಆ ಮಿತಿ 2,000ಕ್ಕೆ ಏರಿದೆ. ಫಾರ್ಮ್ ತುಂಬಲು ಅವರ ತೆರಿಗೆ ಸಂಖ್ಯೆ ಬೇಕು. ಅದು ಸಿಗುವುದು ಅವರೇ ತುಂಬಿಕೊಡುವ ಫಾರ್ಮ್ ಡಬ್ಲ್ಯು-9ರಲ್ಲಿ. ದುಡ್ಡು ತಗೊಂಡು ಹೋದವರು ಜನವರಿಯಲ್ಲಿ ಫೋನ್ ಎತ್ತುವುದಿಲ್ಲ. ಹನ್ನೊಂದು ಜನರ ಹಿಂದೆ ಬಿದ್ದು ಸಾಕಾಯಿತು. ಅವತ್ತಿನಿಂದ ಡಬ್ಲ್ಯು-9 ಕೈಗೆ ಬರದೆ ಯಾರಿಗೂ ಮೊದಲ ಚೆಕ್ ಬರೆದಿಲ್ಲ.