ಬಡಾವಣೆಯ ಹೊಳೆಯನ್ನು ಅರಿಯುವುದು ಹೇಗೆ? ವೃಷಭಾವತಿಯ ದಂಡೆಯಿಂದ ಒಂದು ಕೈಪಿಡಿ

ಮೊದಲು ನಕ್ಷೆ ಹಿಡಿಯಿರಿ. ರಾಜ್ಯ ಸರ್ಕಾರದ 'ದಿಶಾಂಕ್' ಆ್ಯಪ್‌ನಲ್ಲಿ ಸರ್ವೆ ನಂಬರುಗಳ ನಡುವೆ ಹಳ್ಳ, ರಾಜಕಾಲುವೆ, ಕೆರೆಗಳ ಗಡಿ ಕಾಣುತ್ತದೆ. ನಿಮ್ಮ ಮನೆಯ ಹತ್ತಿರದ ಕಾಲುವೆಯನ್ನು ಅದರಲ್ಲಿ ಗುರುತಿಸಿ, ಹರಿವಿನ ದಿಕ್ಕಿನಲ್ಲಿ ಬೆರಳಾಡಿಸುತ್ತಾ ಹೋಗಿ. ನಾಯಂಡಹಳ್ಳಿ, ಕೆಂಗೇರಿ ಕಡೆಯವರಿಗೆ ಆ ಗೆರೆ ವೃಷಭಾವತಿಗೆ ಸೇರುತ್ತದೆ. ಬಸವನಗುಡಿ, ಮಲ್ಲೇಶ್ವರದ ಎತ್ತರದ ನೆಲದಲ್ಲಿ ಹುಟ್ಟಿ, ಮೈಸೂರು ರಸ್ತೆಯ ಮಗ್ಗುಲಲ್ಲಿ ಇಳಿದು, ಬೈರಮಂಗಲದ ಕೆರೆಯನ್ನು ಹಾದು ಅರ್ಕಾವತಿಯನ್ನು ಕೂಡುವ ಹೊಳೆ ಇದು. ಅರ್ಕಾವತಿ ಸಂಗಮ ಎಂಬಲ್ಲಿ ಕಾವೇರಿಗೆ ಸೇರುತ್ತದೆ. ಬೆಂಗಳೂರಿನ ದಿಣ್ಣೆಯ ಆಚೆ ಬದಿಗೆ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲದ ಕಣಿವೆಗಳಲ್ಲಿ ಹರಿದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ನಿಮ್ಮ ಬೀದಿಯ ನೀರು ಯಾವ ಬದಿಯದು ಎಂಬುದು ಈ ಹಂತದಲ್ಲೇ ತಿಳಿದುಬಿಡುತ್ತದೆ.

ಎರಡನೆಯದಾಗಿ, ಬೇಸಿಗೆಯಲ್ಲಿ ಹೋಗಿ ನೋಡಿ. ಈ ಕೈಪಿಡಿಯಲ್ಲಿ ಒಂದೇ ಒಂದು ಹಂತವನ್ನು ಪಾಲಿಸುವುದಾದರೆ ಇದನ್ನೇ ಪಾಲಿಸಿ. ಮಳೆಯನ್ನೇ ನಂಬಿದ ಇಂಥ ಹಳ್ಳ ಮಾರ್ಚ್, ಏಪ್ರಿಲ್‌ನಲ್ಲಿ ಬತ್ತಿರಬೇಕು ಅಥವಾ ಸಣ್ಣಗೆ ಜಿನುಗುತ್ತಿರಬೇಕು. ವೃಷಭಾವತಿ ಮಾತ್ರ ವರ್ಷವಿಡೀ ತುಂಬಿ ಹರಿಯುತ್ತದೆ. ಅಷ್ಟು ನೀರು ಎಲ್ಲಿಯದು? ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯ ಪಂಪುಗಳ ಮೂಲಕ ಮೇಲೆತ್ತಿ ತಂದ ಕಾವೇರಿ ನೀರೇ ನಮ್ಮ ಬಚ್ಚಲು, ಪಾತ್ರೆ, ಶೌಚಾಲಯಗಳನ್ನು ಹಾದು ಇಲ್ಲಿಗೆ ಬರುತ್ತದೆ. ಅದರ ಜೊತೆಗೆ ಕೊಳವೆಬಾವಿಯ ನೀರೂ ಕಾರ್ಖಾನೆಗಳ ತ್ಯಾಜ್ಯವೂ ಸೇರುತ್ತವೆ. ಕಾವೇರಿಯಿಂದ ಬಂದದ್ದು ಕೊಳೆತು ಕಾವೇರಿಗೇ ಮರಳುತ್ತಿದೆ. ದಾರಿಯಲ್ಲಿ ಬೈರಮಂಗಲದ ರೈತರ ಗದ್ದೆ, ಹಿಪ್ಪುನೇರಳೆ ತೋಟ, ಬಾವಿಗಳನ್ನು ಮುಟ್ಟುತ್ತದೆ. ನಗರದ ನಲ್ಲಿ ತಿರುಗಿಸುವ ನಮಗೆ ಇದರಲ್ಲಿ ಪಾಲಿದೆ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಹರಿವನ್ನು ಅಳೆಯುವುದು ಕಷ್ಟವಲ್ಲ. ದಂಡೆಯ ಮೇಲೆ 10 ಮೀಟರ್ ಅಳೆದು, ನಿಂಬೆಹಣ್ಣೊಂದನ್ನು ಮೇಲಿನಿಂದ ಎಸೆದು, ಅಷ್ಟು ದೂರ ತೇಲಲು ಬೇಕಾದ ಸಮಯ ನೋಡಿ. 20 ಸೆಕೆಂಡ್ ಆದರೆ ವೇಗ ಸೆಕೆಂಡಿಗೆ ಅರ್ಧ ಮೀಟರ್. ಅಗಲ 4 ಮೀಟರ್, ಸರಾಸರಿ ಆಳ 0.3 ಮೀಟರ್ ಎಂದಿಟ್ಟುಕೊಂಡರೆ ಮೂರನ್ನೂ ಗುಣಿಸಿ 0.6. ತಳದ ನೀರು ನಿಧಾನವಾಗಿ ಚಲಿಸುವುದರಿಂದ ಅದನ್ನು 0.8ರಿಂದ ಗುಣಿಸಿ. ಸೆಕೆಂಡಿಗೆ 0.48 ಘನ ಮೀಟರ್, ಅಂದರೆ 480 ಲೀಟರ್ ಎಂಬ ಅಂದಾಜು ಸಿಗುತ್ತದೆ. ಆಳವನ್ನು ಸೇತುವೆಯ ಮೇಲಿನಿಂದ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ನೋಡಿ. ನೀರಿಗೆ ಇಳಿಯಬೇಡಿ. ಮಳೆಗಾಲದಲ್ಲಿ ದಂಡೆಯ ಹತ್ತಿರವೂ ಸುಳಿಯಬೇಡಿ. ಕಾಂಕ್ರೀಟ್ ಗೋಡೆಗಳ ನಡುವಿನ ಹೊಳೆ ಒಂದೇ ಜೋರು ಮಳೆಗೆ ಉಕ್ಕುತ್ತದೆ.

ಈಗ ನೀರಿನ ಗುಣ. ಕಪ್ಪು ಬಣ್ಣ, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ನೀರಿನಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಉಂಟುಮಾಡುತ್ತಿವೆ ಎಂದರ್ಥ. ನೀರು ಧುಮುಕುವ ಕಡೆ ಬಿಳಿ ನೊರೆ ಗುಡ್ಡೆಯಾಗಿದ್ದರೆ ಅದರಲ್ಲಿ ಸೋಪು, ಡಿಟರ್ಜೆಂಟುಗಳ ಅಂಶ ಹೆಚ್ಚಿದೆ. ಮೀನುಗಳಿಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಬೇಕು.

ಆಮ್ಲಜನಕ ಅಳೆಯುವ ಉಪಕರಣವಿಲ್ಲವೇ? ಕೆಸರನ್ನು ನೋಡಿ. ಕೈಗವಸು ತೊಟ್ಟು, ಉದ್ದ ಹಿಡಿಯ ಜರಡಿಯಲ್ಲಿ ಅಂಚಿನ ಕೆಸರೆತ್ತಿ ಬಿಳಿ ತಟ್ಟೆಗೆ ಸುರಿಯಿರಿ. ಚೂರು ಹೊತ್ತು ಸುಮ್ಮನಿದ್ದರೆ ಕೆಸರು ತಿಳಿಯಾಗಿ, ದಾರದ ತುಂಡಿನಂಥ ಕೆಂಪು ಹುಳುಗಳು ಮೈ ತಿರುಚುತ್ತಾ ಎದ್ದು ಬರುತ್ತವೆ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಅವುಗಳ ಮೈಯಲ್ಲೂ ಇದೆ. ಆಮ್ಲಜನಕ ಕಡಿಮೆಯಿದ್ದರೂ ಬದುಕಲು ಅದೇ ಆಧಾರ. ಬರೀ ಅವೇ ಇದ್ದರೆ ಹೊಳೆ ಕೆಟ್ಟಿದೆ. ಏರೋಪ್ಲೇನ್ ಚಿಟ್ಟೆಯ ಮರಿಗಳಿದ್ದರೆ ಪರವಾಗಿಲ್ಲ. ಬಾಲದಲ್ಲಿ ಮೂರು ಎಳೆಗಳಿರುವ ಮೇಫ್ಲೈ ಮರಿಗಳು ಸಿಕ್ಕರೆ ಸಂತೋಷಪಡಿ, ಕೊಳಕನ್ನು ಅವು ಬಹಳ ಸಹಿಸುವುದಿಲ್ಲ.

ಹಕ್ಕಿಗಳನ್ನು ನೋಡಿ ಮೋಸಹೋಗಬೇಡಿ. ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿ ಕೊಳಚೆಯಲ್ಲೂ ಹುಳು ಹೆಕ್ಕುತ್ತವೆ. ಮೀನನ್ನೇ ನೆಚ್ಚಿದ ಕಪ್ಪುಬಿಳಿ ಮಿಂಚುಳ್ಳಿ ನೀರಿನ ಮೇಲೆ ರೆಕ್ಕೆ ಬಡಿಯುತ್ತಾ ನಿಂತಲ್ಲೇ ನಿಂತು ಧುಮುಕಿದರೆ ಅಲ್ಲಿ ಮೀನಿದೆ. ದಂಡೆಯಲ್ಲಿ ಹೊಂಗೆ, ಹೊಳೆಮತ್ತಿ, ಲಕ್ಕಿಗಿಡ ಉಳಿದಿವೆಯೇ ಎಂಬುದನ್ನೂ ಬರೆದುಕೊಳ್ಳಿ. ಬೇರುಗಳು ಮಣ್ಣು ಹಿಡಿದಿಟ್ಟ ಕಡೆ ಹೊಳೆ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಇಷ್ಟನ್ನೂ ಬರೆದಿಡಿ. ನೀರಿನ ಬಣ್ಣ ಇದ್ದಕ್ಕಿದ್ದಂತೆ ಬದಲಾದರೆ ದಿನಾಂಕ, ವೇಳೆ, ಸ್ಥಳ ಕಾಣುವಂತೆ ಚಿತ್ರ ತೆಗೆದು, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ವಲಯದ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.