ಸರ್ಕಾರಿ ಫೈಲ್ 'ಅದು ಉಲ್ಕೆ' ಅಂದರೆ ಪರೀಕ್ಷೆ ಮಾಡೋದು ಹೇಗೆ?

ಆಕಾಶದಲ್ಲಿ ಏನೋ ಕಂಡಿತು, ತನಿಖೆ ಆಯ್ತು, ಕೊನೆಗೆ ಫೈಲಿನಲ್ಲಿ 'ಉಲ್ಕೆ' ಅಂತ ಬರೆದು ಮುಚ್ಚಿದರು. ಕೆಲವರು ಅದನ್ನು ಹಾಗೇ ಒಪ್ಪಿಬಿಡುತ್ತಾರೆ, ಕೆಲವರು ಎಲ್ಲಾ ಸುಳ್ಳು ಅನ್ನುತ್ತಾರೆ. ಎರಡೂ ಬೇಡ. ನೀವೇ ತೂಗಿ ನೋಡಬಹುದು. ಅಮೆರಿಕದ ಒಂದು ಹಳೆಯ ಪ್ರಕರಣ ಹಿಡಿದು ಹೇಳ್ತೀನಿ, ಕಲಿಯೋಕೆ ತುಂಬಾ ಚೆನ್ನಾಗಿದೆ.

1948ರ ಜುಲೈ 24, ರಾತ್ರಿ ಸುಮಾರು 2.45. ಈಸ್ಟರ್ನ್ ಏರ್‌ಲೈನ್ಸ್‌ನ ಡಿಸಿ-3 ವಿಮಾನ ಅಲಬಾಮಾದ ಮಾಂಟ್‌ಗಮರಿ ಹತ್ತಿರ 5,000 ಅಡಿ ಎತ್ತರದಲ್ಲಿ ಹೋಗ್ತಿತ್ತು. ರೆಕ್ಕೆ ಇಲ್ಲದ, ಎರಡು ಸಾಲು ಕಿಟಕಿ ಇದ್ದ, ಸುಮಾರು 100 ಅಡಿ ಉದ್ದದ ಚುಟ್ಟಾ ಆಕಾರದ ಏನೋ ಒಂದು ಹಿಂದೆ ಬೆಂಕಿ ಉಗುಳುತ್ತಾ ಪಕ್ಕದಲ್ಲೇ ಹಾದುಹೋಯಿತು, ಆಮೇಲೆ ಮೇಲಕ್ಕೆ ಏರಿತು ಅಂತ ಪೈಲಟ್‌ಗಳಾದ ಚೈಲ್ಸ್ ಮತ್ತು ವಿಟೆಡ್ ಹೇಳಿದರು.

ಮೊದಲ ಕೆಲಸ, ಹೇಳಿಕೆಯನ್ನು ಎರಡಾಗಿ ಒಡೆಯಿರಿ. ಸಮಯ, ದಿಕ್ಕು, ಎಷ್ಟು ಸೆಕೆಂಡ್ ಕಂಡಿತು, ಯಾವ ಬಣ್ಣ: ಇವು ಒಂದು ಕಡೆ. ದೂರ, ಉದ್ದ, ವೇಗ, ಆಕಾರ: ಇವು ಇನ್ನೊಂದು ಕಡೆ. ಕತ್ತಲಲ್ಲಿ ಗೊತ್ತಿಲ್ಲದ ಬೆಳಕಿನ ದೂರವನ್ನು ಯಾರ ಕಣ್ಣೂ ಅಳೆಯಲಾರದು, ಪೈಲಟ್ ಕಣ್ಣೂ ಅಷ್ಟೇ. ದೂರ ತಪ್ಪಿದರೆ ಉದ್ದ, ವೇಗ ಎರಡೂ ತಪ್ಪುತ್ತವೆ. ಇಲ್ಲಿ ಎಲ್ಲಾ ಮುಗಿದದ್ದು ಕೆಲವೇ ಸೆಕೆಂಡುಗಳಲ್ಲಿ. ಅದು ದೊಡ್ಡ ಉಲ್ಕೆಗೆ ಸರಿಹೊಂದುತ್ತೆ.

ಹಾಗಾದರೆ ಕಿಟಕಿ? ಇದಕ್ಕೆ 1968ರ ಮಾರ್ಚ್ 3ರ ಘಟನೆ ನೋಡಲೇಬೇಕು. ಸೋವಿಯತ್ ಒಕ್ಕೂಟದ ಜೋಂಡ್ 4 ಅನ್ನೋ ಬಾಹ್ಯಾಕಾಶ ನೌಕೆಯ ಉಡಾವಣೆಯ ಚೂರುಗಳು ಅವತ್ತು ವಾತಾವರಣಕ್ಕೆ ಬಿದ್ದು ಉರಿದವು. ಅಮೆರಿಕದ ಹಲವು ರಾಜ್ಯಗಳ ಜನ ನೋಡಿದರು. ಬಹಳ ಮಂದಿ ಸರಿಯಾಗೇ ವಿವರಿಸಿದರು, ಆದರೆ ಕೆಲವರು ಸಾಲು ಕಿಟಕಿ ಇರುವ, ತೀರಾ ತಗ್ಗಿನಲ್ಲಿ ಹಾರುವ ನೌಕೆ ಕಂಡೆವು ಅಂದರು. ಯಾರೂ ಸುಳ್ಳು ಹೇಳಿರಲಿಲ್ಲ. ಸಾಲಾಗಿ ಹೋಗುವ ಬೆಳಕುಗಳ ನಡುವಿನ ಕತ್ತಲನ್ನು ಮನಸ್ಸು ನೌಕೆಯ ಮೈ ಅಂತ ತುಂಬಿಕೊಂಡುಬಿಡುತ್ತೆ. ಹಾಗಾಗಿ ಸಾಕ್ಷಿ ಹೇಳಿದವರನ್ನು ದಯವಿಟ್ಟು ಆಡಿಕೊಳ್ಳಬೇಡಿ.

ಆಮೇಲೆ ಬೇರೆ ಸಾಕ್ಷಿ ಹುಡುಕಿ. ಉಲ್ಕೆ ಹತ್ತಾರು ಕಿಲೋಮೀಟರ್ ಎತ್ತರದಲ್ಲಿ ಉರಿಯೋದರಿಂದ, ಆಕಾಶ ತಿಳಿಯಾಗಿದ್ದರೆ ನೂರಾರು ಕಿಲೋಮೀಟರ್ ದೂರದವರಿಗೂ ಕಾಣಬೇಕು. ಅದೇ ವಿಮಾನದಲ್ಲಿ ಎಚ್ಚರ ಇದ್ದ ಒಬ್ಬ ಪ್ರಯಾಣಿಕನಿಗೆ ಕಂಡದ್ದು ಬರೀ ಬೆಳಕಿನ ಗೆರೆ, ಆಕಾರ ಏನೂ ಇಲ್ಲ. ನನ್ನ ಪ್ರಕಾರ ಇಡೀ ಫೈಲಿನಲ್ಲಿ ಜಾಸ್ತಿ ತೂಕದ ಮಾತು ಇದೇ.

ಉಲ್ಕಾಮಳೆಯ ಕ್ಯಾಲೆಂಡರನ್ನೂ ನೋಡಿ, ಆದರೆ ಅದಕ್ಕೇ ಜೋತುಬೀಳಬೇಡಿ. ಜುಲೈ ಕೊನೆಗೆ ಡೆಲ್ಟಾ ಅಕ್ವೇರಿಡ್ ಮಳೆ ಇರುತ್ತೆ ನಿಜ, ಆದರೆ ಅದರ ಉಲ್ಕೆಗಳು ಹೆಚ್ಚಾಗಿ ಮಂಕು.

ಇನ್ನು ತೀರ್ಪನ್ನೇ ಪರೀಕ್ಷಿಸಿ: ಯಾರು, ಯಾವಾಗ, ಯಾವ ಷರತ್ತಿನ ಮೇಲೆ ಹೇಳಿದರು? ಇಂಥ ಪ್ರಕರಣಗಳ ತನಿಖೆ ಮಾಡುತ್ತಿದ್ದ ಅಮೆರಿಕದ ವಾಯುಪಡೆಗೆ ಸಲಹೆಗಾರರಾಗಿದ್ದ ಖಗೋಳ ವಿಜ್ಞಾನಿ ಜೆ. ಅಲೆನ್ ಹೈನೆಕ್, ಪೈಲಟ್‌ಗಳು ಹೇಳಿದ್ದನ್ನು ಅಕ್ಷರಶಃ ಒಪ್ಪಿದರೆ ಖಗೋಳದ ಉತ್ತರ ಇಲ್ಲ, ಅದು ಅವರ ಮನಸ್ಸಿಗೆ ಅನಿಸಿದ್ದು ಅಂತ ತಗೊಂಡರೆ ದೊಡ್ಡ ಉಲ್ಕೆ ಆಗಬಹುದು ಅನ್ನುವ ಅರ್ಥದಲ್ಲಿ ಬರೆದಿದ್ದರು. ವಾಯುಪಡೆ ಉಲ್ಕೆ ಅಂತ ಗಟ್ಟಿಯಾಗಿ ಹೇಳಿದ್ದು 1959ರಲ್ಲಿ. ಷರತ್ತು ಬಿದ್ದುಹೋಯಿತು, ಉತ್ತರ ಮಾತ್ರ ಉಳಿಯಿತು. ಇಂಥದ್ದನ್ನು ಹಿಡಿಯಬೇಕು.

ಕೊನೆಗೆ ಹೊಂದದೇ ಉಳಿದದ್ದನ್ನೂ ಬರೆದಿಡಿ. ನಾನಾದರೆ ಹೀಗೆ ಬರೆಯುತ್ತೇನೆ: 'ಬಹುಶಃ ಉಲ್ಕೆ. ಮೇಲಕ್ಕೆ ಏರಿತು ಅನ್ನೋ ಮಾತಿಗೆ ಪೂರ್ತಿ ಉತ್ತರ ಸಿಕ್ಕಿಲ್ಲ.'