ಜೆಬೆಲ್ ಶಮ್ಸ್ ಏರುವುದಕ್ಕೆ ಕರಾವಳಿಯಲ್ಲೇ ಆಗಬೇಕಾದ ತಯಾರಿ

ಕುದುರೆಮುಖ, ಕೊಡಚಾದ್ರಿ ಹತ್ತಿ ಬಂದ ಕಾಲಿಗೆ ಒಮಾನಿನ ಜೆಬೆಲ್ ಶಮ್ಸ್‌ನ ಏರು ಹೆಚ್ಚೇನಲ್ಲ. ಅಲ್ಲಿ ಕಷ್ಟ ನೀರಿನದು. ನಮ್ಮ ಘಟ್ಟದಲ್ಲಿ ತೊರೆ ಸಿಕ್ಕಲ್ಲಿ ಬಾಟಲಿ ತುಂಬಿಸಿಕೊಂಡು ನಡೆಯುತ್ತೇವೆ. ಈ ಬೆಟ್ಟದಲ್ಲಿ ಹೊರಟ ಜಾಗದಿಂದ ತುದಿವರೆಗೆ ನಂಬಬಹುದಾದ ನೀರು ಎಲ್ಲೂ ಇಲ್ಲ. ಹಾಗಾಗಿ ನಾನು ಸಮಯ, ತೂಕ, ಊಟ ಎಲ್ಲವನ್ನೂ ನೀರಿನ ಲೆಕ್ಕ ಮುಗಿದ ಮೇಲೆಯೇ ತೀರ್ಮಾನಿಸುವುದು.

ಜೆಬೆಲ್ ಶಮ್ಸ್ ಹಜರ್ ಪರ್ವತ ಸಾಲಿನ ಅತಿ ಎತ್ತರದ ಬೆಟ್ಟ, ಸುಮಾರು 3,000 ಮೀಟರ್. ಉತ್ತರದ ತುದಿ ಸೇನೆಯ ನೆಲೆ, ಅಲ್ಲಿಗೆ ಪ್ರವೇಶವಿಲ್ಲ. ಅದರ ಕಡೆ ಕ್ಯಾಮೆರಾವನ್ನೂ ತಿರುಗಿಸಬಾರದು. ಚಾರಣಿಗರು ಹೋಗುವುದು ದಕ್ಷಿಣದ ತುದಿಗೆ, 2,997 ಮೀಟರ್. ದಾರಿಗೆ ಡಬ್ಲ್ಯು4 ಎಂದು ಹೆಸರು. ಸುಮಾರು 2,000 ಮೀಟರ್ ಎತ್ತರದ ಬಯಲಿನಿಂದ ಹೊರಟರೆ ಹೋಗಿ ಬರಲು 10ರಿಂದ 12 ಗಂಟೆ ಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ.

ಈಗ ನೀರು. ಗಂಟೆಗೆ ಅರ್ಧ ಲೀಟರ್ ಎಂದು ಹಿಡಿದರೆ ಚಳಿಗಾಲದಲ್ಲೂ ಒಬ್ಬರಿಗೆ 6 ಲೀಟರ್ ಆಗುತ್ತದೆ. ಅಂದರೆ ಬೆನ್ನ ಮೇಲೆ 6 ಕಿಲೋ. 3 ಲೀಟರ್ ಕೊಳವೆ ಇರುವ ನೀರಿನ ಚೀಲದಲ್ಲಿ, ಉಳಿದದ್ದು ಒಂದೊಂದು ಲೀಟರಿನ ಬಾಟಲಿಗಳಲ್ಲಿ. ಎಲ್ಲವನ್ನೂ ಒಂದೇ ಚೀಲದಲ್ಲಿ ಇಟ್ಟರೆ ಒಂದು ತೂತಿಗೆ ಅಷ್ಟೂ ಹೋಗುತ್ತದೆ. ಜೊತೆಗೆ ಎಷ್ಟು ಖಾಲಿಯಾಯಿತು ಎಂದು ಗೊತ್ತಾಗುವುದೂ ಇಲ್ಲ. ಒಂದು ಬಾಟಲಿಯನ್ನು ಅರ್ಧ ದಾರಿಯಲ್ಲಿ ಬಂಡೆಯ ನೆರಳಿನ ಕಡೆ ಇಟ್ಟು, ಜಾಗವನ್ನು ಫೋನಿನ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳುತ್ತೇನೆ. ಇಳಿಯುವಾಗ ಅದು ಸಿಗುತ್ತದೆ. ಬಾಟಲಿಯ ಮೇಲೆ ಕಲ್ಲು ಮುಚ್ಚಲೇಬೇಕು. ಅಲ್ಲಿನ ಆಡುಗಳು ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತವೆ.

ನಮ್ಮ ಕಡೆಯವರು ಮೋಸಹೋಗುವುದು ಬೆವರಿನ ವಿಷಯದಲ್ಲಿ. ಮಂಗಳೂರಿನ ಸೆಖೆಯಲ್ಲಿ ಅಂಗಿ ತೊಯ್ದು ಮೈಗೆ ಅಂಟಿದಾಗ ಬಾಯಾರಿಕೆ ನೆನಪಾಗುತ್ತದೆ. ಅಲ್ಲಿನ ಒಣ ಗಾಳಿಯಲ್ಲಿ ಬೆವರು ಚರ್ಮದ ಮೇಲೆ ಬಂದ ಕೂಡಲೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಚೀಲದ ಪಟ್ಟಿ ಕೂತಲ್ಲಿ ಮಾತ್ರ ಉಪ್ಪಿನ ಬಿಳಿ ಗೆರೆ ಕಾಣುತ್ತದೆ. ಬಾಯಾರಿಕೆಯನ್ನು ಕಾಯದೆ ಗಡಿಯಾರ ನೋಡಿ 15 ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು ಕುಡಿಯಬೇಕು. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು ಎಂದೇ ಅರ್ಥ. ಬರೀ ನೀರನ್ನೇ ಸುರಿದುಕೊಂಡರೂ ತೊಂದರೆ: ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗಲಿಬಿಲಿ ಶುರುವಾಗುತ್ತದೆ. ಅದನ್ನು ನೀರಿನ ಕೊರತೆ ಎಂದುಕೊಂಡು ಮತ್ತೂ ನೀರು ಕುಡಿಸಿದರೆ ಇನ್ನಷ್ಟು ಕೆಡುತ್ತದೆ. ಅದಕ್ಕೇ 6 ಲೀಟರಿನಲ್ಲಿ 2 ಲೀಟರಿಗೆ ಓಆರ್‌ಎಸ್ ಬೆರೆಸಿರುತ್ತೇನೆ. 1 ಲೀಟರಿನ ಪೊಟ್ಟಣವನ್ನು ಸರಿಯಾಗಿ 1 ಲೀಟರಿಗೇ ಹಾಕಬೇಕು. ರುಚಿಗೆಂದು ಗಟ್ಟಿ ಮಾಡಿದರೆ ಹೊಟ್ಟೆ ಕೆಡುತ್ತದೆ.

ತಿನ್ನುವುದಕ್ಕೆ ಚಕ್ಕುಲಿ, ಬಿಸ್ಕತ್ತು, ಒಣ ಅವಲಕ್ಕಿ ಬೇಡ. ಒಣಗಿದ ಬಾಯಲ್ಲಿ ಇಳಿಯುವುದಿಲ್ಲ, ನುಂಗಲು ಮತ್ತೆ ನೀರು ಖರ್ಚು. ಖರ್ಜೂರ, ಮಾಂಬಳ, ತುಪ್ಪ ಬೆಲ್ಲ ಸವರಿ ಸುತ್ತಿದ ಚಪಾತಿ ಚೆನ್ನಾಗಿ ಹೋಗುತ್ತವೆ. ಉಪ್ಪು ಹಾಕಿದ ಪುನರ್ಪುಳಿ ಸಿಪ್ಪೆಯ ಒಂದು ಚೂರು ದವಡೆಯಲ್ಲಿ ಇಟ್ಟುಕೊಂಡರೆ ಬಾಯಿ ಬಹಳ ಹೊತ್ತು ಒದ್ದೆಯಾಗಿರುತ್ತದೆ.

ಶೂ ವಿಷಯದಲ್ಲಿ ಕರಾವಳಿಗೆ ಅದರದ್ದೇ ಒಂದು ತೊಂದರೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿ ಮುಚ್ಚಿಟ್ಟ ಟ್ರೆಕ್ಕಿಂಗ್ ಶೂ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಒಳಗೆ ಅಟ್ಟೆಯ ಮಧ್ಯದ ಪಾಲಿಯುರೆಥೇನ್ ಪದರ ತೇವಕ್ಕೆ ನಿಧಾನವಾಗಿ ಸವೆಯುತ್ತಾ ಬಂದಿರುತ್ತದೆ. ಬಳಸದೆ ಇಟ್ಟರೂ ಕೆಡುವ ವಸ್ತು ಅದು. ಬೆಟ್ಟದಲ್ಲಿ ಒಂದೆರಡು ಗಂಟೆ ನಡೆದ ಮೇಲೆ ಅಡಿ ಪೂರ್ತಿ ಬಾಯಿ ಬಿಡುತ್ತದೆ. ಹೊರಡುವ ತಿಂಗಳಿಗೆ ಮೊದಲೇ ಶೂವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ, ಮಧ್ಯದ ಪದರಕ್ಕೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಸಣ್ಣ ಬಿರುಕು ಕಂಡರೆ, ಪುಡಿ ಉದುರಿದರೆ ಆ ಶೂ ಬೇಡ. ಹಜರ್‌ನ ಮೇಲ್ಭಾಗ ಸುಣ್ಣಕಲ್ಲು. ಹಿಂದೆ ಸಮುದ್ರದ ತಳವಾಗಿದ್ದ ಕಲ್ಲಿನಲ್ಲಿ ಚಿಪ್ಪಿನ ಅಚ್ಚುಗಳೂ ಕಾಣುತ್ತವೆ. ಅದರ ಅಂಚು ತುಂಬಾ ಹರಿತ, ಮೆತ್ತನೆಯ ಓಟದ ಶೂ ತಾಳದು. ಗಟ್ಟಿ ಅಡಿಯದ್ದು, ಅರ್ಧ ಅಳತೆ ದೊಡ್ಡದು ಇರಲಿ. ಇಳಿಯುವಾಗ ಬೆರಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುವುದು ಬಿಗಿ ಶೂವಿನಿಂದ.

ಅಭ್ಯಾಸಕ್ಕೆ ಮಲ್ಪೆಯ ಮರಳಿನಲ್ಲಿ ನಡೆಯುವವರಿದ್ದಾರೆ. ಮರುಭೂಮಿ ಎಂದರೆ ಮರಳು ಎಂಬ ಎಣಿಕೆಯಿಂದ ಹಾಗೆ ಮಾಡುತ್ತಾರೆ. ಈ ಬೆಟ್ಟಕ್ಕೆ ಅದು ಉಪಯೋಗಕ್ಕೆ ಬಾರದು. ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು ಇದಕ್ಕೆ ಹೇಳಿ ಮಾಡಿಸಿದ ಜಾಗ: ಬರೀ ಕಲ್ಲು, ಕಡಿದಾದ ಮೆಟ್ಟಿಲು, ಮೇಲೆ ಬಿಸಿಲು. ಮಳೆ ಪೂರ್ತಿ ನಿಂತು ಪಾಚಿ ಒಣಗಿದ ಮೇಲೆ, ಅರಣ್ಯ ಇಲಾಖೆಯ ಅನುಮತಿ ಪಡೆದು, 6 ಲೀಟರ್ ನೀರು ಹೊತ್ತು ಹತ್ತಬೇಕು. ಮೇಲೆ ಹೋಗಿ ಅರ್ಧಕ್ಕಿಂತ ಹೆಚ್ಚು ಚೆಲ್ಲಿ ಇಳಿಯಿರಿ. ನಿಜವಾದ ದಿನವೂ ಇಳಿಯುವ ಹೊತ್ತಿಗೆ ಅಷ್ಟು ಕುಡಿದಾಗಿರುತ್ತದೆ, ಮಂಡಿಯೂ ಉಳಿಯುತ್ತದೆ.

ಬಟ್ಟೆ: ಸಡಿಲವಾದ ತುಂಬು ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಕುತ್ತಿಗೆಗೆ ಒಂದು ಬೈರಾಸು. ಒಣ ಗಾಳಿ ಶಾಖವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಸೂರ್ಯ ಮುಳುಗಿದ ಕೂಡಲೇ ಚಳಿ ಬೀಳುತ್ತದೆ. ಡಿಸೆಂಬರ್, ಜನವರಿಯ ರಾತ್ರಿ ಬಯಲಿನಲ್ಲೇ ಸೊನ್ನೆಯ ಹತ್ತಿರ ಹೋಗಬಹುದು. ಉಣ್ಣೆಯ ಟೋಪಿ, ಕೈಗವಸು, ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಮೂಗಿನ ಒಳಗೆ ತೆಂಗಿನೆಣ್ಣೆ ಸವರಿಕೊಂಡರೆ ಒಣಗಿ ರಕ್ತ ಬರುವುದು ತಪ್ಪುತ್ತದೆ.

ಡಿಸೆಂಬರ್‌ನಲ್ಲಿ ಸಂಜೆ 5.30ಕ್ಕೆಲ್ಲ ಸೂರ್ಯ ಮುಳುಗುವುದರಿಂದ ಬೆಳಿಗ್ಗೆ 5ಕ್ಕೆ ತಲೆದೀಪ ಹಚ್ಚಿ ಹೊರಡುತ್ತೇನೆ. 11.30ಕ್ಕೆ ಎಲ್ಲಿದ್ದರೂ ಹಿಂದಿರುಗುವುದು. ತುದಿ ಕಣ್ಣೆದುರು ಕಂಡರೂ ಈ ಹೊತ್ತನ್ನು ಮುಂದೂಡುವುದಿಲ್ಲ. ದಾರಿಗೆ ಹಳದಿ, ಬಿಳಿ, ಕೆಂಪು ಪಟ್ಟಿಯ ಗುರುತು ಕಲ್ಲಿನ ಮೇಲೆ ಬಳಿದಿದ್ದಾರೆ. ಆಡು ನಡೆದ ಜಾಡುಗಳೂ ದಾರಿಯಂತೆಯೇ ಕಾಣುವುದರಿಂದ ನೂರು ಹೆಜ್ಜೆಯಲ್ಲಿ ಗುರುತು ಕಾಣದಿದ್ದರೆ ಕೊನೆಯ ಗುರುತಿಗೇ ವಾಪಸು ಬರಬೇಕು. ಹತ್ತುವಾಗ ಕಾಣುವ ಕೆಲವು ಗುರುತುಗಳು ಇಳಿಯುವವರಿಗೆ ಕಾಣುವುದಿಲ್ಲ. ತಿರುವುಗಳಲ್ಲಿ ಹಿಂದಿರುಗಿ ನೋಡಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಮಸ್ಕತ್‌ನಿಂದ ನಿಜ್ವಾ, ಅಲ್ ಹಮ್ರಾ ದಾಟಿ ಹೋಗಬೇಕು. ಮೇಲಿನ ಭಾಗದಲ್ಲಿ ಜಲ್ಲಿ ರಸ್ತೆ ಸಿಗಬಹುದು, ಹಾಗಾಗಿ ಫೋರ್‌ವೀಲ್ ಡ್ರೈವ್ ಗಾಡಿಯೇ ಒಳ್ಳೆಯದು. ಬಾಡಿಗೆ ಗಾಡಿಯ ವಿಮೆ ಜಲ್ಲಿ ರಸ್ತೆಗೂ ಅನ್ವಯಿಸುತ್ತದೆಯೇ ಎಂದು ಮೊದಲೇ ಓದಿಕೊಳ್ಳಿ. ಟಯರಿನ ಗಾಳಿ ಇಳಿಸುವುದು ಮರಳಿಗೆ ಮಾತ್ರ, ಹರಿತ ಕಲ್ಲಿನ ಮೇಲೆ ಇಳಿಸಿದರೆ ಟಯರಿನ ಬದಿ ಸೀಳುತ್ತದೆ. ವಾದಿ, ಅಂದರೆ ಒಣ ಹೊಳೆಯ ಪಾತ್ರದಲ್ಲಿ ಡೇರೆ ಹಾಕಬಾರದು. ದೂರದ ಬೆಟ್ಟದಲ್ಲಿ ಸುರಿದ ಮಳೆ ಇಲ್ಲಿ ಆಕಾಶ ತಿಳಿಯಾಗಿದ್ದಾಗಲೂ ಪ್ರವಾಹವಾಗಿ ಬರುತ್ತದೆ. ಹೊರಡುವ ಮುನ್ನ ಮಸ್ಕತ್‌ನ ಪರಿಚಯದವರಿಗೆ ದಾರಿ ಮತ್ತು ವಾಪಸು ಬರುವ ಹೊತ್ತನ್ನು ಬರೆದು ಕಳಿಸಿ, ಒಮಾನಿನ ತುರ್ತು ಸಂಖ್ಯೆ 9999 ಅನ್ನು ಎಲ್ಲರ ಫೋನಿನಲ್ಲೂ ಹಾಕಿಡಿ. ಇಳಿದ ದಿನ ರಾತ್ರಿ ಬಯಲಿನಲ್ಲೇ ಉಳಿದು, ಗಾಡಿಯನ್ನು ಮರುದಿನ ಬೆಳಕಿನಲ್ಲಿ ಸಣ್ಣ ಗೇರಿನಲ್ಲಿ ಇಳಿಸಿದರೆ ಬ್ರೇಕ್ ಬಿಸಿಯಾಗುವುದಿಲ್ಲ.